ಬಾಗಿಲ ಕಡೆ ತಿರುಗಿದ ಅಜ್ಜ

ಎಂಬತ್ತರ ದಶಕದಲ್ಲಿ ನಾವು ಅಮೆರಿಕದ ಕ್ಯಾಂಪ್‌ಬೆಲ್‌ನ ಅಪಾರ್ಟ್‌ಮೆಂಟಿನಲ್ಲಿದ್ದಾಗ ಒಬ್ಬ ಐರಿಷ್ ಅಜ್ಜ ನನ್ನನ್ನು ಹಿಂಡಿ ಹಿಪ್ಪೆ ಮಾಡಿದರು. ಗಂಡನ ವೀಸಾದ ಮೇಲೆ ಬಂದ ನನಗೆ ಕೆಲಸಕ್ಕೆ ಹೋಗುವಂತಿರಲಿಲ್ಲ. ಮೈಸೂರಿನಲ್ಲಿ ಕಲಿತ ಚಿತ್ರಕಲೆ ತುಕ್ಕು ಹಿಡಿಯುತ್ತಿತ್ತು. ಹಾಗಿರುವಾಗ ಪಕ್ಕದ ಮನೆಯಾಕೆ, ತಮ್ಮ ತಂದೆಯ ತೈಲಚಿತ್ರ ಬರೆದುಕೊಡುತ್ತೀರಾ ಎಂದು ಕೇಳಿದರು. ಕುಣಿದಾಡಿಕೊಂಡು ಒಪ್ಪಿದೆ.

ಆ ತಂದೆ ಯೌವನದಲ್ಲಿ ಐರ್ಲೆಂಡಿನ ಸ್ವಾತಂತ್ರ್ಯಕ್ಕಾಗಿ ತಲೆಮರೆಸಿಕೊಂಡು ಹೋರಾಡಿದವರು. ಪೊಲೀಸರ ಕೈಗೆ ತಮ್ಮ ಫೋಟೊ ಸಿಗಬಾರದೆಂದು ಆಗ ಕ್ಯಾಮೆರಾದಿಂದ ದೂರವಾದವರು ಅಮೆರಿಕಕ್ಕೆ ಬಂದು ಮುದುಕರಾದರೂ ಅದರ ಎದುರು ನಿಲ್ಲಲಿಲ್ಲ. ಮಗಳ ಮದುವೆಯ ಆಲ್ಬಮ್ಮಿನಲ್ಲೂ ಅವರಿಲ್ಲ. "ಅಪ್ಪ ಹೋದ್ಮೇಲೆ ನೋಡೋಕೆ ನನಗೊಂದು ಮುಖ ಬೇಕು," ಎಂದರು ಮಗಳು. ಚಿತ್ರಕ್ಕೆ ಅವರನ್ನು ಒಪ್ಪಿಸುವುದರಲ್ಲೇ ಆಕೆಗೆ ಸಾಕುಸಾಕಾಗಿತ್ತು.

ಅಜ್ಜ ಕೂತರು, ಆದರೆ ಬಾಗಿಲ ಕಡೆ ತಿರುಗಿ. ನಾನು ಕುರ್ಚಿ ತಿರುಗಿಸಿದರೆ ಅವರು ಕತ್ತು ತಿರುಗಿಸುವರು. ನಮ್ಮ ಕಡೆ ಗೋಡೆಯ ಮೇಲಿನ ಹಿರಿಯರಿಗೆ ನೇರ ಮುಖ ಇರಬೇಕು, ಎರಡೂ ಕಣ್ಣು ಕಾಣಬೇಕು. ಊರಿನಲ್ಲಿ ಪಾಸ್‌ಪೋರ್ಟ್ ಸೈಜಿನ ಫೋಟೊ ಎದುರಿಗಿಟ್ಟುಕೊಂಡು ಎಷ್ಟೋ ಮನೆಗಳ ಅಜ್ಜಂದಿರನ್ನು ಬರೆದಿದ್ದೆ. ಫೋಟೊದ ಅಜ್ಜಂದಿರು ಅಲ್ಲಾಡುವುದಿಲ್ಲ. ಇವರೋ, ಹೊರಗೆ ಕಾರಿನ ಬಾಗಿಲು ಬಡಿದರೂ ಸಾಕು, ಅರ್ಧ ಎದ್ದೇಬಿಡುತ್ತಿದ್ದರು. ವಾರಗಟ್ಟಲೆ ಒದ್ದಾಡಿ ನನಗೆ ದಕ್ಕಿದ್ದು ಒಂದು ಕಿವಿ, ಒಂದು ಕೆನ್ನೆ.

ಒಂದು ದಿನ ತಲೆಕೆಟ್ಟು ಬ್ರಷ್ ಎಸೆದು ಕನ್ನಡದಲ್ಲೇ ಬೈದೆ. "ರೀ ಅಜ್ಜ, ನಿಮ್ಮನ್ನ ಹಿಡಿಯೋಕೆ ಇಲ್ಲಿ ಯಾರೂ ಬರಲ್ಲ. ಒಂದು ಸಲ ಈ ಕಡೆ ನೋಡಿ."

ಅಜ್ಜ ಬೆಚ್ಚಿ ತಿರುಗಿದರು. ಅರ್ಥವಾಗದ ಬೈಗುಳ ಕೇಳಿ ಅವರಿಗೇನನ್ನಿಸಿತೋ, ಹಟ ಮಾಡುವ ಮಗುವನ್ನು ನೋಡುವ ಹಾಗೆ ನನ್ನನ್ನೇ ಮೆತ್ತಗೆ ನೋಡಿದರು. ಮರುಗಳಿಗೆ ಮತ್ತೆ ಬಾಗಿಲು. ನನಗೆ ಅಷ್ಟೇ ಸಾಕಾಗಿತ್ತು. ಅವರು ಹೋದ ಕೂಡಲೇ ಹೊಸ ಕ್ಯಾನ್ವಾಸ್ ತೆಗೆದು, ಆ ನೋಟ ಮರೆಯುವ ಮುಂಚೆ ನೇರ ಮುಖ ಬರೆಯಲು ಕೂತೆ. ಇಷ್ಟು ಚೆನ್ನಾಗಿ ನಾನು ಯಾವತ್ತೂ ಬರೆದಿರಲಿಲ್ಲ.

ಚಿತ್ರ ಮುಗಿದಾಗ ಮಗಳನ್ನು ಕರೆದೆ. ಆಕೆ ಹತ್ತಿರ ಬಂದು ಚಿತ್ರದ ಕಣ್ಣುಗಳನ್ನೇ ನೋಡಿದರು. ಹೊಗಳುತ್ತಾರೆಂದು ನಾನು ಕಾದೆ.

"ಅಪ್ಪ ನನ್ನನ್ನ ಯಾವತ್ತೂ ಹೀಗೆ ನೋಡಿಲ್ಲ," ಎಂದರು.

ನನಗೆ ಮೈಯೆಲ್ಲ ಉರಿದುಹೋಯಿತು. ಪಟ್ಟ ಪಾಡೆಲ್ಲ ನೀರಿನಲ್ಲಿ ಹೋಮ ಮಾಡಿದಂತಾಯಿತಲ್ಲ ಎಂದು ಅಳುವೇ ಬಂತು. ಬಣ್ಣ ಇನ್ನೂ ಹಸಿ ಇದೆ, ಕಣ್ಣು ಅಳಿಸಿ ಬೇರೆ ಬರೆಯುತ್ತೇನೆ ಎಂದು ಸಿಡುಕಿ ಬಟ್ಟೆ ಎತ್ತಿಕೊಂಡೆ.

ಆಕೆ ನನ್ನ ಕೈ ಹಿಡಿದುಕೊಂಡರು. "ಬೇಡ. ಇನ್ನು ಮೇಲಾದ್ರೂ ನೋಡಲಿ."