ಗೋಧಿಯಿಲ್ಲದ ಪೊಟ್ಟಣಗಳು

ನನ್ನ ಹೆಂಡತಿ ಇನ್ನು ಜೀವನಪೂರ್ತಿ ಗೋಧಿ ತಿನ್ನಬಾರದು ಎಂದು ಹೆಬ್ಬಾಳದ ಡಾಕ್ಟರು ಹೇಳಿದಾಗ, ನಾಚಿಕೆ ಬಿಟ್ಟು ಹೇಳುತ್ತೇನೆ, ನನಗೆ ಹುರುಪು ಬಂತು. ಆರು ತಿಂಗಳ ಹೊಟ್ಟೆನೋವಿನಲ್ಲಿ ಅವಳು ಕಡ್ಡಿಯಾಗಿದ್ದಳು. ಗೋಧಿಯಲ್ಲಿರುವ ಗ್ಲೂಟನ್ ಎಂಬ ಅಂಟು ಅವಳ ಕರುಳಿಗೆ ಆಗದಂತೆ, ಒಂದು ಚಿಟಿಕೆಯೂ ಸೇರಬಾರದಂತೆ. ಫೋನಿನಲ್ಲೇ ದಿನಸಿ ತರಿಸುವುದು ನಮ್ಮ ಕಡೆ ಆಗಷ್ಟೇ ಶುರುವಾಗಿತ್ತು. ಇವಳನ್ನು ನಾನೇ ಗುಣಪಡಿಸುತ್ತೇನೆ ಎಂದು ಹಠ ತೊಟ್ಟೆ.

ಬ್ರ್ಯಾಂಡ್ ಆರಿಸುವುದರಲ್ಲಿ ನಾನು ಹೆಣ್ಣು ನೋಡಲು ಹೋದ ಸೋದರಮಾವನಿಗಿಂತ ಕಟ್ಟುನಿಟ್ಟು. ಮುಂದೆ ದಪ್ಪಕ್ಷರದಲ್ಲಿ 'ಗ್ಲೂಟನ್ ಫ್ರೀ' ಎಂದಿದ್ದರೆ ಸಾಲದು, ಹಿಂದಿನ ಸಣ್ಣಕ್ಷರ ನೋಡಬೇಕು. ಗೋಧಿ ಬಳಸುವ ಕಾರ್ಖಾನೆಯಲ್ಲೇ ತಯಾರಾದದ್ದು ಎಂದಿದ್ದರೆ ಅಲ್ಲಿಗೇ ಸಂಬಂಧ ಮುಗಿಯಿತು. ಐದು ಸ್ಟಾರ್ ಕೊಟ್ಟು ಹೊಗಳಿದವರನ್ನು ಬಿಟ್ಟು, ಒಂದೇ ಸ್ಟಾರ್ ಕೊಟ್ಟು ಬೈದವರನ್ನು ಓದುತ್ತಿದ್ದೆ. ಬೈಯುವವರ ಮೇಲೆ ನನಗೆ ಮೊದಲಿಂದಲೂ ನಂಬಿಕೆ ಜಾಸ್ತಿ. ಇಷ್ಟೆಲ್ಲ ಜರಡಿ ಹಿಡಿದು ತರಿಸಿದ ಬಿಸ್ಕತ್ತು ಚಹಾದಲ್ಲಿ ಅದ್ದಿದ ಕೂಡಲೇ ತಳ ಸೇರುತ್ತಿತ್ತು, ಚಮಚದಲ್ಲಿ ಎತ್ತಿ ತಿನ್ನಬೇಕು. ಬ್ರೆಡ್ಡು ಮುಟ್ಟಿದರೆ ಉಪ್ಪಿಟ್ಟಾಗುತ್ತಿತ್ತು. ಹೆಂಡತಿ ಪಾಪ, ಎಲ್ಲವನ್ನೂ "ಚೆನ್ನಾಗಿದೆ ರೀ" ಎಂದೇ ತಿಂದಳು.

ಸಾಲದ್ದಕ್ಕೆ ಮನೆಯ ರಾಗಿ ಹಿಟ್ಟನ್ನೂ ನಿಲ್ಲಿಸಿದೆ. ಮಿಲ್ಲಿನಲ್ಲಿ ಗೋಧಿ ಬೀಸಿದ ಕಲ್ಲಿಗೇ ನಮ್ಮ ರಾಗಿಯನ್ನೂ ಸುರಿಯುತ್ತಾರಲ್ಲ! ನಮ್ಮ ಕೋಗಿಲು ಊರಿನಲ್ಲಿ ತಾತನ ಕಾಲದಿಂದ ರಾಗಿ ಬೆಳೆದ ಮನೆಗೆ ರಾಗಿ ಹಿಟ್ಟು ಕೊರಿಯರಿನಲ್ಲಿ ಬಂತು.

"ನಾಳೀಕೆ ಸಗಣಿನೂ ಅದ್ರಾಗೇ ತರುಸ್ತೀಯೇನ್ಲಾ?" ಎಂದು ಅಮ್ಮ ಕೇಳಿದಳು.

ನಾನು ಫೋನಿನಲ್ಲಿ ಹುಡುಕಿ ನೋಡಿದೆ. ಸಗಣಿಯೂ ಅದರಲ್ಲಿ ಸಿಗುತ್ತಿತ್ತು.

ಎರಡು ತಿಂಗಳಾದರೂ ನೋವು ಹೋಗಲಿಲ್ಲ. ಈಗ ನಿಜವಾಗಿ ಭಯವಾಯಿತು. ಅಮ್ಮನಿಗೆ ಸೊಸೆಯೆಂದರೆ ಜೀವ, ತಾನೂ ಮನೆಮದ್ದು ಶುರು ಮಾಡಿದಳು. ಸಾರಿಗೆ ಎರಡರಷ್ಟು ಇಂಗು, ಪಲ್ಯಕ್ಕೂ ಇಂಗು, ದಿನಕ್ಕೆರಡು ಲೋಟ ಇಂಗಿನ ಮಜ್ಜಿಗೆ.

"ಒಟ್ಟೆನೋವ್ಗೆ ಇದಕ್ಕಿಂತ ಔಸ್ದಿ ಇಲ್ಲ ಕಣವ್ವ, ಕುಡಿ," ಎಂದು ಪಕ್ಕದಲ್ಲೇ ನಿಂತು ಕುಡಿಸುತ್ತಿದ್ದಳು. ನೋವು ಹೆಚ್ಚಾದಷ್ಟೂ ಇಂಗು ಹೆಚ್ಚುತ್ತಿತ್ತು.

ಅಷ್ಟರಲ್ಲಿ ನನಗೆ ಓದುವ ಚಟ ಹತ್ತಿತ್ತು. ಸೋಪು, ಸೊಳ್ಳೆಬತ್ತಿ, ಯಾವುದರ ಬೆನ್ನನ್ನೂ ಬಿಡುತ್ತಿರಲಿಲ್ಲ. ಒಂದು ಭಾನುವಾರ ಅಡುಗೆಮನೆಯಲ್ಲಿ ಕಾಫಿಗೆ ಕಾಯುತ್ತ ಇಂಗಿನ ಡಬ್ಬಿ ತಿರುಗಿಸಿದೆ. ಗೋಂದು. ಗೋಧಿ ಹಿಟ್ಟು. ಇಂಗು ಎಂಬುದು ಕೊನೆಯಲ್ಲಿ ಒಂದಿಷ್ಟು.

ಹೆಂಡತಿಗೆ ತೋರಿಸಿದೆ. ಅವಳು ಓದಿ ಜೋರಾಗಿ ನಕ್ಕಳು, ಆಮೇಲೆ ಕಣ್ಣೊರೆಸಿಕೊಂಡಳು. "ರೀ, ಅತ್ತೆಗೆ ಮಾತ್ರ ಹೇಳ್ಬೇಡಿ. ತಮ್ಮ ಕೈಯಿಂದ್ಲೇ ಆಗಿದ್ದು ಅಂತ ಗೊತ್ತಾದ್ರೆ ಊಟ ಬಿಟ್ಬಿಡ್ತಾರೆ."

ಸರಿ, ಗೋಧಿಯಿಲ್ಲದ ಇಂಗಿನ ಬೇಟೆಗೆ ಹೊರಟೆ. ಬಹಳ ಬ್ರ್ಯಾಂಡುಗಳಲ್ಲಿ ಗೋಧಿಯೋ ಮೈದಾವೋ ಇದ್ದೇ ಇತ್ತು. ಕೊನೆಗೆ ಅಕ್ಕಿ ಹಿಟ್ಟು ಬೆರೆಸಿದ್ದೊಂದು ಸಿಕ್ಕಿತು. ಪಾರ್ಸಲ್ಲನ್ನು ಆಫೀಸಿಗೆ ತರಿಸಿದೆ. ಅಮ್ಮ ಜಕ್ಕೂರಿನ ಚಿಕ್ಕಮ್ಮನ ಮನೆಗೆ ಹೋದ ಹೊತ್ತು ನೋಡಿ, ಹಳೆಯದನ್ನು ಕಸಕ್ಕೆ ಸುರಿದು, ಡಬ್ಬಿ ತೊಳೆದು ಒಣಗಿಸಿ, ಹೊಸದನ್ನು ತುಂಬಿಟ್ಟೆ. ಎರಡು ದಿನ ನನ್ನ ಕೈ ನಾರುತ್ತಿತ್ತು, ಆಫೀಸಿನಲ್ಲಿ ಯಾರೂ ಕೈಕುಲುಕಲಿಲ್ಲ.

ವಾರಗಳು ಕಳೆದಂತೆ ನೋವು ಇಳಿಯಿತು. ಚಿಕ್ಕಮ್ಮ ನಮ್ಮಲ್ಲಿಗೆ ಊಟಕ್ಕೆ ಬಂದ ದಿನ ಹೆಂಡತಿ ತಾನಾಗಿ ಎರಡನೇ ಮುದ್ದೆ ಕೇಳಿದಳು. ಎಷ್ಟು ತಿಂಗಳಾಗಿತ್ತೋ! ನನಗೆ ಎದೆ ತುಂಬಿ ಬಂತು.

ಅಮ್ಮ ಮುದ್ದೆ ಬಡಿಸುತ್ತ ತಂಗಿಗೆ ಹೇಳಿದಳು: "ಇವ್ನು ಪೆಟ್ಗೆ ಪೆಟ್ಗೆ ತರ್ಸಿದ. ಏನಾಯ್ತು? ಕೊನೀಗೆ ಮಗೀನ ಉಳಿಸಿದ್ದು ನನ್ನ ಇಂಗೇ."

ಮೈಯೆಲ್ಲ ಉರಿದುಹೋಯಿತು. ಬಾಯಿ ತೆರೆದೆ. ಹೆಂಡತಿ ನನ್ನ ಕಡೆ ನೋಡಲೂ ಇಲ್ಲ.

"ಹೌದು ಅತ್ತೆ, ನಿಮ್ಮ ಇಂಗೇ," ಎಂದು ಲೋಟದ ಮಜ್ಜಿಗೆಯನ್ನು ಗಟಗಟ ಕುಡಿದಳು. ಅಮ್ಮನ ಮುಖ ಅರಳಿತು. ತೆರೆದ ಬಾಯಿಗೆ ನಾನು ಮುದ್ದೆಯ ತುತ್ತು ಹಾಕಿಕೊಂಡೆ.

"ಡಬ್ಬಿ ಅರ್ಧಕ್ಕೆ ಬಂದದೆ ಕಣ್ಲಾ," ಎಂದಳು ಅಮ್ಮ ನನಗೆ. "ಮಾಮೂಲಿ ಅಂಗ್ಡೀಲಿ ಅದನ್ನೇ ತಗೊಂಬಾ. ಫೋನ್ನಾಗೆ ಗೀನ್ನಾಗೆ ತರ್ಸಿ ಕೆಡುಸ್ಬ್ಯಾಡ."

"ಆಯ್ತಮ್ಮ," ಎಂದೆ.