ಕೆಳಬೀದಿಯ ಕೈಸಾಲು

ನಲ್ಲಿಯಲ್ಲಿ ನೀರು ಬಂದಾಗ ಚಾವಿಯಕ್ಕನನ್ನು ನೆನೆಯುವವರು ಯಾರೂ ಇಲ್ಲ. ಬಾರದಿದ್ದಾಗ ಬೈಯದವರೂ ಇಲ್ಲ. ಕಬ್ಬಿಣದ ಉದ್ದನೆಯ ಚಾವಿಯನ್ನು ಹೆಗಲ ಮೇಲೆ ಹೊತ್ತು, ಬೀದಿಬೀದಿಯ ಗುಂಡಿಗಳಲ್ಲಿ ಹುದುಗಿದ ವಾಲ್ವುಗಳನ್ನು ತಿರುಗಿಸಿ ಊರಿಗೆಲ್ಲ ನೀರು ಬಿಡುವ ಹೆಂಗಸು ಅವಳು. ಮೊದಲು ಅದು ಅವಳ ಗಂಡನ ಕೆಲಸವಾಗಿತ್ತು. ಅವನು ಹೋದ ಮೇಲೆ ನೀರಿನ ಕಚೇರಿಯವರು ಚಾವಿಯನ್ನು ಇವಳ ಕೈಗೆ ಕೊಟ್ಟರು. ಚಾವಿ ಅವಳಿಗಿಂತ ಒಂದು ಗೇಣು ಎತ್ತರ.

“ಅಕ್ಕಾ, ನೀನು ಅದನ್ನ ಹೊತ್ಕೊಂಡು ಹೋಗ್ತಿದ್ದೀಯೋ, ಅದು ನಿನ್ನನ್ನೋ?” ಎಂದು ಮೂಲೆಯ ಕ್ಷೌರದಂಗಡಿಯವನು ದಿನಾ ಕೇಳುತ್ತಿದ್ದ.

“ಒಂದು ದಿನ ನಿನ್ನ ತಲೆ ಮೇಲೆ ಬೀಳುತ್ತೆ, ಆಗ ಹೇಳು ಯಾರು ಯಾರನ್ನ ಹೊತ್ತಿದ್ರು ಅಂತ,” ಎಂದು ಇವಳೂ ದಿನಾ ಹೇಳುತ್ತಿದ್ದಳು.

ಆ ಕೆಲಸದಲ್ಲಿ ತೋಳಿಗಿಂತ ಕಿವಿ ಮುಖ್ಯ. ವಾಲ್ವಿನ ತಲೆಗೆ ಚಾವಿ ಕೂರಿಸಿ, ಅದರ ಮೇಲ್ತುದಿಗೆ ಕಿವಿ ಆನಿಸಿ ನಿಂತರೆ ನೆಲದೊಳಗಿನ ನೀರು ಮಾತಾಡುತ್ತದೆ. ಕೊಳವೆಯಲ್ಲಿ ಗಾಳಿ ಸೇರಿದ್ದರೆ ಮುದುಕರ ಗೊರಕೆಯಂತೆ ಕೇಳುತ್ತದೆ. ಎಲ್ಲಾದರೂ ಸೋರುತ್ತಿದ್ದರೆ ಹಲ್ಲುಸಂದಿಯಲ್ಲಿ ಯಾರೋ ಸುಯ್ಯೆಂದ ಹಾಗೆ. ಮೊದಮೊದಲು ದಾರಿಹೋಕರು ನಿಂತು ನೋಡುತ್ತಿದ್ದರು, ಪಾಪ, ಗಂಡ ಸತ್ತ ಮೇಲೆ ತಲೆ ಕೆಟ್ಟಿದೆ ಅಂದುಕೊಂಡು. ಆಮೇಲೆ ಅಭ್ಯಾಸವಾಯಿತು.

ಎಲ್ಲ ಬೀದಿಗಳಿಗೂ ಅವಳು ಬೆಳಗ್ಗೆಯೇ ಕಿವಿ ಕೊಟ್ಟು ಮುಗಿಸುತ್ತಿದ್ದಳು. ಕೆಳಬೀದಿಯ ವಾಲ್ವಿಗೆ ಮಾತ್ರ ಮಟಮಟ ಮಧ್ಯಾಹ್ನ, ಬಿಸಿಲು ನೆತ್ತಿಗೆ ಬಂದು ಮನುಷ್ಯನ ನೆರಳು ಕಾಲಡಿಗೆ ಸೇರಿದ ಹೊತ್ತಿಗೆ ಹೋಗುತ್ತಿದ್ದಳು. ಆ ಬೀದಿಯಲ್ಲಿ ಈಗ ನರಪಿಳ್ಳೆಯೂ ಇಲ್ಲ.

ಅದರ ಕತೆ ಊರಿಗೆಲ್ಲ ಗೊತ್ತು. ದಿಬ್ಬದ ತುದಿಯಲ್ಲಿ ಆಸ್ಪತ್ರೆ, ಅದಕ್ಕೆ ಆತುಕೊಂಡು ಬಣ್ಣದ ಗೋದಾಮು, ಅಲ್ಲಿಂದ ಇಳಿಜಾರಿನಲ್ಲಿ ಮೇಲುಬೀದಿ. ಒಂದು ತಿರುವು ದಾಟಿದರೆ ಕೆಳಬೀದಿ, ಅದರ ಕೊನೆಗೆ ಬೀದಿನಲ್ಲಿ. ನಾಲ್ಕು ವರ್ಷದ ಹಿಂದೆ ಒಂದು ಮಧ್ಯಾಹ್ನ ಗೋದಾಮಿಗೆ ಬೆಂಕಿ ಬಿತ್ತು. ಬೆಂಕಿ ಆಸ್ಪತ್ರೆಗೆ ತಗಲದಿರಲಿ ಎಂದು ಕೆಳಬೀದಿಯವರು ಮನೆಯ ಬಕೆಟ್ಟುಗಳನ್ನೆಲ್ಲ ತಂದು, ನಲ್ಲಿಯಿಂದ ತಿರುವಿನವರೆಗೆ ಸಾಲು ನಿಂತು, ಕೈಯಿಂದ ಕೈಗೆ ನೀರು ದಾಟಿಸತೊಡಗಿದರು. ಚಾವಿಯಕ್ಕನ ಗಂಡ ನಲ್ಲಿಯ ಹತ್ತಿರ ನಿಂತಿದ್ದ. ತಿರುವಿನಿಂದ ಮೇಲಕ್ಕೆ ಸಾಲು ಬೆಳೆಸಬೇಕಾದವರು ಮೇಲುಬೀದಿಯವರು. ಅವರು ಮಹಡಿ ಹತ್ತಿ ನೋಡುತ್ತಿದ್ದರು. ಅಗ್ನಿಶಾಮಕದವರು ಬರುತ್ತಾರೆ, ನಾವೇಕೆ ಅಡ್ಡ ಬರೋದು ಅಂದರು. ಮೇಲುಬೀದಿಯ ಸೊಸೆಯಾದ ಚಾವಿಯಕ್ಕನೂ ಮಹಡಿಯ ಮೇಲೆಯೇ ಇದ್ದಳು. ಅಷ್ಟರಲ್ಲಿ ಗಾಳಿ ತಿರುಗಿತು. ಆಸ್ಪತ್ರೆ ಉಳಿಯಿತು. ಬಣ್ಣದ ದಪ್ಪ ಹೊಗೆ ಹಳದಿ ಹಾಸಿಗೆಯ ಹಾಗೆ ಉರುಳುರುಳಿ ಮೇಲುಬೀದಿಯ ಮಹಡಿಗಳ ಕೆಳಗೇ ಹಾದು ತಗ್ಗಿನ ಕೆಳಬೀದಿಯಲ್ಲಿ ತುಂಬಿಕೊಂಡಿತು. ಸಾಲು ಬಿಟ್ಟು ಓಡಿದ್ದರೆ ಬದುಕುತ್ತಿದ್ದರೋ ಏನೋ. ಯಾರೂ ಬಿಡಲಿಲ್ಲ.

ಈಗ ತಿರುವಿನಲ್ಲಿ ಒಂದು ಕಲ್ಲು ನಿಲ್ಲಿಸಿದ್ದಾರೆ. ವರ್ಷಕ್ಕೊಮ್ಮೆ ಬಾವುಟ ಏರಿಸುತ್ತಾರೆ, ಹಾರ ಹಾಕುತ್ತಾರೆ. ದೇಶಪ್ರೇಮ ಅಂದರೆ ಹೀಗಿರಬೇಕು ಎಂದು ಭಾಷಣವಾಗುತ್ತದೆ, ಚಪ್ಪಾಳೆಯಾಗುತ್ತದೆ. ಮಾರನೆಯ ದಿನದಿಂದ ಆ ಕಲ್ಲಿಗೆ ಸೈಕಲ್ಲು ಒರಗಿಸುತ್ತಾರೆ.

ಚಾವಿ ಕೈಗೆ ಬಂದ ಹೊಸತರಲ್ಲೇ ಒಂದು ಮಧ್ಯಾಹ್ನ, ತಿರುವಿನ ಈಚೆಗಿರುವ ಕೆಳಬೀದಿಯ ವಾಲ್ವಿಗೆ ಸುಮ್ಮನೆ ಕಿವಿ ಇಟ್ಟಿದ್ದಳು. ಕೆಳಗೆ ಎಲ್ಲೋ ನಲ್ಲಿ ತಿರುಗಿತು. ಸ್ವಲ್ಪ ತಿರುಗಿ ನಿಂತಿತು. ನೀರಿಗೆ ಉಸಿರಾಡಲು ಬಿಟ್ಟ ಹಾಗೆ. ಮತ್ತೆ ಸ್ವಲ್ಪ ತಿರುಗಿತು. ಹಳೆಯ ಕೊಳವೆ, ಒಮ್ಮೆಗೇ ಬಿಟ್ಟರೆ ಒಡೆಯುತ್ತದೆ ಎಂದು ಹಾಗೆ ನಿಂತು ನಿಂತು ತಿರುಗಿಸುತ್ತಿದ್ದವನು ಊರಿನಲ್ಲಿ ಒಬ್ಬನೇ ಇದ್ದ. ಅವನ ಹೆಸರು ಈಗ ಕಲ್ಲಿನ ಮೇಲಿತ್ತು.

ಮನೆಗೆ ಬಂದು ಅತ್ತೆಗೆ ಹೇಳಿದಳು.

“ಸತ್ತ ಮೇಲೂ ಡ್ಯೂಟಿ ಬಿಟ್ಟಿಲ್ಲ ನೋಡು,” ಅಂದಳು ಅತ್ತೆ. “ಬದುಕಿದ್ದಾಗ ಮನೇಲಿ ಒಂದು ಬಕೆಟ್ ಎತ್ತಿಡೋ ಅಂದ್ರೆ ಸೊಂಟ ನೋವು ಅಂತಿದ್ದ.”

“ಬಾಯಾರಿಕೆ ಇರಬಹುದು ಅತ್ತೆ. ಹೊಗೇಲಿ ಹೋದೋರು.”

“ಇರಬಹುದು. ಕುಡೀಲಿ ಬಿಡು.”

ಹೀಗೆ ಆ ವಾಲ್ವನ್ನು ಅವಳು ಪೂರ್ತಿ ಮುಚ್ಚಲೇ ಇಲ್ಲ. ದಿನಾ ಮಧ್ಯಾಹ್ನ ಚಾವಿಗೆ ಕೆನ್ನೆ ಒತ್ತಿ ನಿಲ್ಲುವಳು. ಗಂಡ ಹೆಂಡತಿಯ ನಡುವೆ ಉಳಿದ ಮಾತುಕತೆ ಅಷ್ಟೇ. ತಿರುವು ದಾಟಿ ಒಳಗೆ ಹೋಗಲು ಮಾತ್ರ ಅವಳ ಕಾಲು ಬಂದಿರಲಿಲ್ಲ.

ಈ ಬೇಸಿಗೆ ನದಿಯೇ ತಳ ತೋರಿಸಿತು. ನೀರಿನ ಒತ್ತಡ ದಿಬ್ಬ ಹತ್ತದೆ ಆಸ್ಪತ್ರೆಯ ತೊಟ್ಟಿ ಬರಿದಾಯಿತು. ಹೆರಿಗೆ ವಾರ್ಡಿನಲ್ಲಿ ಬಟ್ಟೆ ಒಗೆಯಲು ನೀರಿಲ್ಲ, ನರ್ಸು ಒಂದೇ ತಂಬಿಗೆಯಲ್ಲಿ ಕೈ ತೊಳೆದು ಅದೇ ನೀರನ್ನು ನೆಲಕ್ಕೆ ಬಳಸುವುದನ್ನು ಚಾವಿಯಕ್ಕ ಕಣ್ಣಾರೆ ಕಂಡಳು. ಕಚೇರಿಯ ಸಾಹೇಬರು ಅವಳನ್ನು ಕರೆದರು.

“ಮಧ್ಯಾಹ್ನ ಕೆಳಬೀದಿ ಲೈನಲ್ಲಿ ನೀರು ಹೋಗ್ತಿದೆ. ಯಾರೋ ಕದೀತಿದ್ದಾರೆ.”

“ಅಲ್ಲಿ ಕದಿಯೋರು ಯಾರೂ ಇಲ್ಲ ಸರ್.”

“ಹಾಗಾದ್ರೆ ಇನ್ನೂ ಸುಲಭ. ಜಗಳಕ್ಕೂ ಯಾರೂ ಬರಲ್ಲ. ಮುಚ್ಚಿ, ಗುಂಡಿಗೆ ಸಿಮೆಂಟ್ ಸುರಿದುಬಿಡು. ಆ ನೀರು ಉಳಿದ್ರೆ ಆಸ್ಪತ್ರೆಗೆ ಆಗುತ್ತೆ.”

ಸಾಹೇಬರು ಹೇಳಿದ್ದರಲ್ಲಿ ತಪ್ಪೇನಿತ್ತು? ಅಲ್ಲಿ ಹಸುಗೂಸುಗಳು, ಇಲ್ಲಿ ಸತ್ತವರು. ಆದರೆ ಆ ಗುಂಡಿಗೆ ಸಿಮೆಂಟು ಸುರಿದರೆ ಗಂಡ ಎರಡನೆಯ ಸಲ ಸತ್ತ ಹಾಗೆ, ಅದೂ ಅವಳ ಕೈಯಿಂದಲೇ. ರಾತ್ರಿಯಿಡೀ ಮಗ್ಗುಲು ಬದಲಿಸಿದಳು.

ಮಾರನೆಯ ಮಧ್ಯಾಹ್ನ ಸಿಮೆಂಟು ಹೊತ್ತು ಹೊರಟಾಗ ಅತ್ತೆಯೂ ಚಪ್ಪಲಿ ಮೆಟ್ಟಿದಳು. “ನಾನೂ ಒಂದ್ಸಲ ಕೇಳ್ತೀನಿ. ಹೆತ್ತೋಳಲ್ವಾ,” ಅಂದಳು.

ಅತ್ತೆ ಚಾವಿಗೆ ಕಿವಿ ಇಟ್ಟಳು. ನಲ್ಲಿ ತಿರುಗಿತು, ನಿಂತಿತು, ಮತ್ತೆ ತಿರುಗಿತು. ಮುದುಕಿ ಕಿವಿ ತೆಗೆಯಲಿಲ್ಲ.

“ಇದೇನೇ, ಕುಡಿಯೋ ಸದ್ದಲ್ಲ ಇದು. ತುಂಬಿಸೋ ಸದ್ದು. ಒಂದಾದ ಮೇಲೆ ಒಂದು ತುಂಬಿಸ್ತಿದ್ದಾನೆ.”

ಚಾವಿಯಕ್ಕ ಚಾವಿಯನ್ನು ಅಲ್ಲೇ ಬಿಟ್ಟು ತಿರುವಿನ ಕಡೆ ನಡೆದಳು. ಮುಚ್ಚುವುದಾದರೆ ಅವನಿಗೆ ಎದುರೆದುರೇ ಹೇಳಿ ಮುಚ್ಚುತ್ತೇನೆ ಅನ್ನಿಸಿತು. ಊರೆಲ್ಲ ಧೂಳು ಹಾರುವ ಬೇಸಿಗೆಯಲ್ಲಿ ಕಲ್ಲಿನ ಬುಡ ಮಾತ್ರ ಕೆಸರಾಗಿತ್ತು. ಅವಳು ಕಲ್ಲನ್ನು ಬಳಸಿ ಬಂದು ಕೆಳಗೆ ನೋಡಿದಳು.

ಬೀದಿಯುದ್ದಕ್ಕೂ ಬಕೆಟ್ಟುಗಳು ಮೇಲೇರಿ ಬರುತ್ತಿದ್ದವು. ಹಿಡಿದವರಿಲ್ಲ. ಸೊಂಟದ ಎತ್ತರದಲ್ಲಿ ಒಂದೊಂದೂ ತುಸು ವಾಲಿ, ತುಸು ನಿಂತು, ಒಂದು ಕೈಯಿಂದ ಇನ್ನೊಂದು ಕೈಗೆ ದಾಟಿದ ಹಾಗೆ ಮುಂದಕ್ಕೆ ಬರುತ್ತಿತ್ತು. ಹೊಗೆ ಹಿಡಿದು ಕಪ್ಪಾದ ಬಕೆಟ್ಟುಗಳು, ಅಂಚಿಗೆ ಹಳದಿ ಮೆತ್ತಿದ ಬಕೆಟ್ಟುಗಳು. ಹಿಡಿಗಳ ಕಿರ್ ಕಿರ್ ಬಿಟ್ಟರೆ ಬೇರೆ ಸದ್ದಿಲ್ಲ. ಖಾಲಿಯಾದವು ಇನ್ನೊಂದು ಮಗ್ಗುಲಿಂದ ಕೆಳಗೆ ಇಳಿಯುತ್ತಿದ್ದವು. ತಿರುವಿಗೆ ಬಂದ ಬಕೆಟ್ಟು ಮುಂದಕ್ಕೆ ಚಾಚಿಕೊಂಡು ನಿಲ್ಲುತ್ತಿತ್ತು. ಯಾರಾದರೂ ಹಿಡಿಯುತ್ತಾರೇನೋ ಎಂದು ಕಾಯುತ್ತಿತ್ತು. ಯಾರೂ ಹಿಡಿಯದಿದ್ದಾಗ, ಬಿಸಾಡದೆ, ಮೆಲ್ಲಗೆ ನೆಲಕ್ಕೆ ಬಗ್ಗುತ್ತಿತ್ತು.

ಈ ನಾಲ್ಕು ವರ್ಷವೂ ಅವರು ಆ ನೀರನ್ನು ಕುಡಿಯುತ್ತಿರಲಿಲ್ಲ. ಆಸ್ಪತ್ರೆಗೆ ಕಳಿಸುತ್ತಿದ್ದರು.

ಹಿಂದೆ ಬಂದ ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಆಮೇಲೆ, “ಅವನು ಕೊನೇಲಿ ಇರ್ತಾನೆ, ನಲ್ಲಿ ಹತ್ರ. ಹೋಗೇ. ಮುಖ ನೋಡ್ಕೊಂಡು ಬಾ,” ಅಂದಳು.

ಚಾವಿಯಕ್ಕ ಒಂದು ಹೆಜ್ಜೆ ಇಟ್ಟಳು. ಬಕೆಟ್ಟೊಂದು ಬಂದು ಅವಳೆದುರು ಚಾಚಿಕೊಂಡು ನಿಂತಿತು. ತುಂಬಿದ ಬಕೆಟ್ಟು, ಅಂಚಿನಲ್ಲಿ ನೀರು ನಡುಗುತ್ತಿತ್ತು. ದಾಟಿ ಹೋದರೆ ಇದೂ ನೆಲಕ್ಕೇ.

ಅವಳು ಹಿಡಿಗೆ ಕೈ ಹಾಕಿದಳು. ಹಿಡಿ ಬಾವಿಯ ತಳದಷ್ಟು ತಣ್ಣಗಿತ್ತು. ಆಚೆ ಕಡೆಯಿಂದ ಯಾರೋ ಅದನ್ನು ತಕ್ಷಣ ಬಿಡಲಿಲ್ಲ. ನಿಜವಾಗಿಯೂ ಹಿಡಿದಿದ್ದಾಳೆಯೇ ಎಂದು ನೋಡುವ ಹಾಗೆ ಒಂದು ಗಳಿಗೆ ಬಿಗಿಯಾಗಿಯೇ ಇತ್ತು. ಆಮೇಲೆ ಭಾರವೆಲ್ಲ ಅವಳ ಕೈಗೆ ಬಂತು. ಅಷ್ಟರಲ್ಲಿ ಇನ್ನೊಂದು ಬಂದು ನಿಂತಿತ್ತು.

“ಕೊಡು ಇಲ್ಲಿ. ಏನು ನೋಡ್ತಾ ನಿಂತೆ?” ಅತ್ತೆ ಕೈ ಚಾಚಿದ್ದಳು.

“ನಿಮ್ಮ ಕೈಲಾಗಲ್ಲ ಅತ್ತೆ.”

“ಆಗಲ್ಲ ಅಂತ ಕೂತ್ರೆ ಚೆಲ್ಲುತ್ತೆ. ಕೊಡು.”

ಸದ್ದು ಕೇಳಿ ಕ್ಷೌರದಂಗಡಿಯವನು ಹೊರಗೆ ಬಂದ. ಅವನ ಬೆನ್ನಿಗೆ ಅರ್ಧ ಗಡ್ಡ ಬೋಳಿಸಿಕೊಂಡಿದ್ದ ಗಿರಾಕಿ.

“ಏನಕ್ಕಾ ಇದು? ಯಾರು ಕೊಡ್ತಿರೋದು?”

“ಕೆಳಬೀದಿಯೋರು,” ಅಂದಳು ಚಾವಿಯಕ್ಕ.

ಅವನು ತಿರುವಿನ ಕಡೆ ನೋಡಿದ. ಅವನ ಮುಖ ಗಿರಾಕಿಯ ಕೆನ್ನೆಯ ನೊರೆಗಿಂತ ಬೆಳ್ಳಗಾಯಿತು. ಓಡಿಬಿಡುತ್ತಿದ್ದನೇನೋ, ಆದರೆ ಅತ್ತೆ ಬಿಡಲಿಲ್ಲ. “ಕೈಲಿರೋ ಕತ್ತಿ ಕೆಳಗಿಡಪ್ಪ. ಇದನ್ನ ಹಿಡಿ. ಅವರೇನು ನಿನ್ನ ತಿನ್ನಲ್ಲ.”

ಅವನು ಹಿಡಿದ. ಗಿರಾಕಿ ಅವನಿಂದ ತೆಗೆದುಕೊಂಡ. ಅಲ್ಲಿಗೆ ಸಾಲು ಮುಗಿಯಿತು. ಆಸ್ಪತ್ರೆಯ ಗೇಟು ಇನ್ನೂ ಎಷ್ಟೋ ದೂರದಲ್ಲಿತ್ತು. ಗಿರಾಕಿ ಬಕೆಟ್ಟು ಎತ್ತಿಕೊಂಡು ದಿಬ್ಬದ ಕಡೆ ಓಡಿದ, ಕೆನ್ನೆಯ ನೊರೆ ಒಣಗುತ್ತಿರುವಂತೆಯೇ. ಮಹಡಿಗಳ ಮೇಲೆ ಒಂದೊಂದೇ ತಲೆ ಮೂಡತೊಡಗಿತು. ಕೆಲವರು ಕಿಟಕಿ ಮುಚ್ಚಿಕೊಂಡರು. ಒಂದು ಮನೆಯಲ್ಲಿ ಮೆಟ್ಟಿಲು ಇಳಿಯುವ ಸದ್ದು ಕೇಳಿತು.

“ನಾನಿಲ್ಲಿ ನಿನ್ನ ಜಾಗಾನೂ ನೋಡ್ಕೋತೀನಿ,” ಅಂದಳು ಅತ್ತೆ ಏದುಸಿರಿನಲ್ಲಿ. “ಈಗಲಾದ್ರೂ ಹೋಗಿ ಬಾರೇ. ನಾಳೆ ಇರ್ತಾರೋ ಇಲ್ವೋ.”

ಚಾವಿಯಕ್ಕ ಬೀದಿಯ ಕೊನೆಯತ್ತ ನೋಡಿದಳು. ಬಿಸಿಲಿನಲ್ಲಿ ನಲ್ಲಿಯ ಕಂಬ ಕಾಣುತ್ತಿತ್ತು, ಅದರ ಹತ್ತಿರ ಏನೂ ಕಾಣುತ್ತಿರಲಿಲ್ಲ.

“ನಾನು ಹೋದ್ರೆ ಇಲ್ಲಿ ಸಾಲು ಕಡಿಯುತ್ತೆ ಅತ್ತೆ,” ಅಂದಳು. ಅಲ್ಲಿ ಅವನು ತುಂಬಿಸಿ ಕೊಟ್ಟದ್ದು ಅಷ್ಟೊಂದು ಕೈ ದಾಟಿ ಅವಳೆದುರು ಬಂದು ನಿಂತಿತ್ತು. ಅವಳು ತೆಗೆದುಕೊಂಡು ಅತ್ತೆಯ ಕೈಗಿಟ್ಟು, ಮತ್ತೆ ಕೆಳಗಡೆ ತಿರುಗಿ ಕೈ ಚಾಚಿದಳು.