ಬ್ಲೀಚಿಂಗ್ ಪುಡಿ ಸುರಿದ ಮಧ್ಯಾಹ್ನ

ಮೊದಲು ನನ್ನ ದಡ್ಡತನವನ್ನೇ ಹೇಳಿಬಿಡುತ್ತೇನೆ. ಒಂದೆರಡು ಮಗ್ ಬ್ಲೀಚಿಂಗ್ ಪುಡಿ ಹಾಕಬೇಕಾದ ಟ್ಯಾಂಕಿಗೆ ನಾನು ಇಡೀ ಡ್ರಮ್ ಸುರಿದೆ. ಮರುದಿನ ಸಾಹೇಬರು ಚರಂಡಿ ನೀರು ಶುದ್ಧ ಮಾಡುವ ನಮ್ಮ ಪ್ಲಾಂಟ್ ನೋಡಲು ಬರುವವರಿದ್ದರು. ಚರಂಡಿ ನೀರು ಹಾಲಿನಂತೆ ಕಂಡರೆ ನನ್ನ ನೌಕರಿ ಕಾಯಂ ಆದೀತೆಂಬ ಆಸೆ. ಇಂಥ ಬುದ್ಧಿವಂತ ದೆವ್ವ ಗಿವ್ವ ನಂಬುತ್ತಿದ್ದನೇ ಎಂದು ಕೇಳಬೇಡಿ. ಇಡೀ ಊರಿನ ಕಕ್ಕಸು, ಬಚ್ಚಲ ನೀರು ಬಂದು ಸೇರುವಲ್ಲಿ ಮನುಷ್ಯರೇ ನಿಲ್ಲುವುದಿಲ್ಲ, ದೆವ್ವ ಎಲ್ಲಿಂದ ನಿಂತೀತು ಎಂದು ನಾನೇ ಎಲ್ಲರನ್ನೂ ನಗಿಸುತ್ತಿದ್ದೆ.

ಊರು ನಮ್ಮ ಆಳಂದ, ಅಫಜಲಪುರ ಕಡೆಯದೇ. ಹೆಸರು ಬರೆಯುವುದಿಲ್ಲ, ನೌಕರಿ ಇನ್ನೂ ಇದೆ.

ಅಂದು ಪ್ಲಾಂಟಿನಲ್ಲಿ ನಾನೊಬ್ಬನೇ. ವಾಲ್ ತೆರೆದು ನೀರನ್ನು ಹಳ್ಳಕ್ಕೆ ಬಿಟ್ಟು, ಕೆಸರು ಒಣಗಿಸುವ ಮಡಿಯಲ್ಲಿ ತಾವಾಗಿಯೇ ಹುಟ್ಟಿದ ಟೊಮೆಟೊ ಗಿಡಗಳ ಪಕ್ಕ ಕೂತು ಬುತ್ತಿ ಬಿಚ್ಚಿದೆ. ಕಣ್ಣು ಉರಿಯತೊಡಗಿತು. ಹಳ್ಳದತ್ತ ನೋಡಿದರೆ ಮೀನುಗಳು ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು.

ಆಗ ನೀಲಮ್ಮ ಕಾಕಿ ನೆನಪಾದಳು. ಸಂಬಂಧಿಯೇನಲ್ಲ, ಗಂಡ ತೀರಿದ ಮೇಲೆ ಒಂದೇ ಎಮ್ಮೆ ಕಟ್ಟಿಕೊಂಡು ಹಾಲು ಮಾರಿ ಬದುಕುವವಳು. ದಿನಾ ಆ ಹೊತ್ತಿಗೆ ಕೆಳಗಿನ ಮಡುವಿನಲ್ಲಿ ಎಮ್ಮೆಗೆ ನೀರು ಕುಡಿಸುತ್ತಾಳೆ. ಎಮ್ಮೆ ತುಂಬಿದ ಗಬ್ಬ.

ವಾಲ್ ಮುಚ್ಚಿ ಓಡಿದೆ. ಓಡಿದೆ ಎನ್ನುವುದು ದೊಡ್ಡ ಮಾತು. ದಾರಿಯ ಕಬ್ಬಿನ ಹೊಲಕ್ಕೆ ನೀರು ಬಿಟ್ಟಿದ್ದರು. ಎರೆಮಣ್ಣು ಕೇಳಬೇಕೆ? ಒಂದೊಂದು ಕಾಲಿಗೆ ಒಂದೊಂದು ಎಕರೆ ಹೊತ್ತುಕೊಂಡು ಹೋದೆ. ಚಪ್ಪಲಿ ಎರಡೂ ಹೊಲದವರ ಪಾಲಾದವು. ಬಿದ್ದೆ, ಎದ್ದೆ, ಕೂಗಿದೆ. ದಮ್ಮು ಹತ್ತಿ ಕೂಗು ಬಾಯಿಯಿಂದಾಚೆ ಹೋಗಲೇ ಇಲ್ಲ. ಈಗ ನಗುತ್ತೇನೆ. ಆಗ ಅವಳ ಅನ್ನವನ್ನೇ ಕೊಂದೆನೆಂದು ಅಳುತ್ತಿದ್ದೆ.

ಮಡು ಮುಟ್ಟಿದಾಗ ಎಮ್ಮೆಯನ್ನು ದಂಡೆಯ ಮೇಲೆ ಜಾಲಿಮರಕ್ಕೆ ಕಟ್ಟಿಹಾಕಲಾಗಿತ್ತು. ಮೂತಿ ಒಣಗಿತ್ತು. ಕಾಕಿ ನನ್ನನ್ನು ನೋಡಿ ಕೋಲೆತ್ತಿದಳು.

"ಎಷ್ಟ್ ಸಲ ಹೇಳ್ತಿ ಲೇ? ಕಟ್ಟೇನಲ್ಲ!"

"ಯಾರ್ ಹೇಳ್ಯಾರ್ರಿ ಕಾಕಿ?"

"ಯಾರಂದ್ರ? ನೀನ! ಈಗರೆ ಆ ದಂಡೀಗಿ ನಿಂತು, ಪುಡಿ ಭಾಳ ಬಿದ್ದದ, ಎಮ್ಮಿಗಿ ನೀರ್ ಕುಡಸಬ್ಯಾಡ್ರಿ ಅಂತ ಒದರಿದಿಲ್ಲೇನು? ಮತ್ ಈ ದಂಡೀಗಿ ಯಾಕ ಬಂದಿ, ಹುಚ್ಚಪ್ಯಾಟಿ?"

ಆಚೆ ದಂಡೆಗೆ ಹೋಗಬೇಕಾದರೆ ರಸ್ತೆಯ ಸೇತುವೆ ಸುತ್ತಿ ಬರಬೇಕು. ಪುಡಿ ಸುರಿದದ್ದು ನನಗೂ ಖಾಲಿ ಡ್ರಮ್ಮಿಗೂ ಬಿಟ್ಟು ಯಾರಿಗೂ ಗೊತ್ತಿರಲಿಲ್ಲ. ಯಾರೋ ದಾರಿಹೋಕ ಸತ್ತ ಮೀನು ನೋಡಿ ಕೂಗಿರಬೇಕು, ಬಿಸಿಲಿಗೆ ಕಾಕಿಗೆ ನಾನೆಂದು ಕಂಡಿರಬೇಕು ಎಂದು ಸಮಾಧಾನ ಹೇಳಿಕೊಂಡು ನೋಡಿದ್ದೇನೆ. ದಾರಿಹೋಕನಿಗೆ ಪುಡಿಯ ವಿಷಯ ಹೇಗೆ ತಿಳಿಯಿತು ಎಂಬಲ್ಲಿಗೆ ಬಂದು ನಿಲ್ಲುತ್ತೇನೆ.

ಸಾಹೇಬರು ಮರುದಿನ ಬರಲೇ ಇಲ್ಲ. ಎಮ್ಮೆ ಮಾತ್ರ ಸುಖವಾಗಿ ಈದಿತು. ಕಾಕಿ ಕರೆದು ಗಿಣ್ಣ ಕೊಟ್ಟಳು. ತಿನ್ನುತ್ತಾ, ಅಂದು ಆಚೆ ದಂಡೆಯಲ್ಲಿದ್ದವನು ನಾನಲ್ಲ ಎಂದು ಆಣೆ ಮಾಡಿದೆ. ಅವಳು ಗಿಣ್ಣದ ಪಾತ್ರೆ ಕೆಳಗಿಟ್ಟು ನನ್ನ ಹತ್ತಿರ ಸರಿದು ಕೂತಳು.

"ಹಂಗಾದ್ರ ಒಂದ್ ಮಾತ್ ಹೇಳ್ತೇನಿ, ಅಂಜಬ್ಯಾಡ ತಮ್ಮಾ. ನಾ ಎಮ್ಮಿ ಕಟ್ಟಿದ ಮ್ಯಾಲ ಆ ದಂಡೀಗಿ ನಿಂತಾವ ಕೇಳ್ದ, 'ಅವ ಇನ್ನಾ ಬಂದಿಲ್ಲೇನ್ರಿ ಕಾಕಿ?' ಅಂತ. ಯಾರಪ್ಪಾ, ಅಂದೆ. 'ನಾನ ರೀ' ಅಂದ."